ಹೊಸ ಮಾಲೀಕರ ರುಜು

ನಮ್ಮ ಚಿಕ್ಕಮ್ಮ ಕುರ್ಚಿಯ ಬಳಿಗೆ ಎದುರಿನಿಂದ ಬರುವವಳಲ್ಲ. ಯಾರ ಮನೆಗೇ ಹೋಗಲಿ, ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಮೇಜಿಗೂ ಗೋಡೆಗೂ ನಡುವಿನ ಅಂತರವನ್ನು ಕಣ್ಣಲ್ಲೇ ಅಳೆದು, ಈ ಕಡೆ ಯಾರ ಕಾಲಿದೆ, ಆ ಕಡೆ ಯಾವ ಹೂದಾನಿಯಿದೆ ಎಂದು ನೋಡಿಕೊಂಡು, ಅರ್ಧ ಸುತ್ತು ತಿರುಗಿ, ಹಿಮ್ಮುಖವಾಗಿ ನಾಲ್ಕು ಹೆಜ್ಜೆ ಇಟ್ಟು, ಕುರ್ಚಿಯ ಅಂಚು ಮೊಣಕಾಲಿನ ಹಿಂಬದಿಗೆ ತಾಗಲು ಒಂದು ಬೆರಳಷ್ಟು ಜಾಗ ಉಳಿದಿರುವಾಗ ನಿಂತು, ಆಮೇಲೆ ಕುಳಿತುಕೊಳ್ಳುತ್ತಾಳೆ. ಮುಖ ಯಾವಾಗಲೂ ಬಾಗಿಲ ಕಡೆಗೆ. ಮೊದಲ ಸಲ ನೋಡಿದವರು ಪಾಪ, ಸೊಂಟನೋವಿರಬೇಕು ಎಂದು ಮರುಗುತ್ತಾರೆ, ಮನೆಯವರಾದ ನಾವು ಮಾತ್ರ "ಪಾರ್ಕಿಂಗ್ ಆಯ್ತಾ?" ಎಂದು ಕೇಳುತ್ತೇವೆ. ಅವಳಿಗೆ ಇದರಲ್ಲಿ ಲವಲೇಶವೂ ಸಂಕೋಚವಿಲ್ಲ. ಬರುವಾಗ ಪುರುಸೊತ್ತಿರುತ್ತದೆ, ಹೊರಡುವಾಗ ಇರುವುದಿಲ್ಲ. ಆದ್ದರಿಂದ ತಿಣುಕಾಟವನ್ನೆಲ್ಲ ಬರುವಾಗಲೇ ಮುಗಿಸಿಕೊಳ್ಳಬೇಕು ಎಂಬುದು ಅವಳ ಅಚಲವಾದ ಸಿದ್ಧಾಂತ, ಮತ್ತು ನಮ್ಮ ಕುಟುಂಬದ ಯಾವ ಸಮಾರಂಭದಿಂದಲೂ ಅವಳಷ್ಟು ಅಚ್ಚುಕಟ್ಟಾಗಿ ಎದ್ದು ಹೊರಟವರನ್ನು ನಾನು ಕಂಡಿಲ್ಲ.

ಅವಳು ಹದಿನೇಳು ವರ್ಷ ಒಬ್ಬ ಶಸ್ತ್ರವೈದ್ಯೆಯ ಕಾರು ಓಡಿಸಿದವಳು. ಆ ವೈದ್ಯೆಯನ್ನು ಅವಳೂ, ಅವಳಿಂದಾಗಿ ನಾವೂ, ಡಾಕ್ಟರಮ್ಮ ಎಂದೇ ಕರೆಯುತ್ತ ಬಂದೆವು. ಹೆಂಗಸೊಬ್ಬಳು ಪರರ ಕಾರು ಓಡಿಸಿ ಬದುಕುವುದೆಂದರೆ ಮೂಗು ಮುರಿಯುವವರು ನಮ್ಮಲ್ಲೇ ಸಾಕಷ್ಟಿದ್ದರು. ಸ್ವಂತ ಅಕ್ಕನಾದ ನನ್ನ ಅಮ್ಮನೇ ಮೊದಮೊದಲು ಯಾರಾದರೂ ಕೇಳಿದರೆ "ಆಸ್ಪತ್ರೇಲಿ ಇದ್ದಾಳೆ" ಎಂದು ಮಾತು ತೇಲಿಸಿಬಿಡುತ್ತಿದ್ದಳು, ಕೇಳಿದವರು ಅದು ಯಾವ ಕಾಯಿಲೆಯೋ ಎಂದು ಗಾಬರಿಯಾಗುತ್ತಿದ್ದರು. ಚಿಕ್ಕಮ್ಮ ಯಾರ ಮೂಗನ್ನೂ ಗಮನಿಸಲಿಲ್ಲ. ಎರಡು ಕೋಣೆಗಳ ತನ್ನ ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಎದ್ದು, ಬೂದು ಬಣ್ಣದ ಕೋಟು ತೊಟ್ಟು, ಅದರ ಒಂದು ಜೇಬಿನಲ್ಲಿ ಮೆತ್ತನೆಯ ಬಟ್ಟೆಯನ್ನೂ ಇನ್ನೊಂದರಲ್ಲಿ ಟೈರಿನ ಗಾಳಿ ಅಳೆಯುವ ಪುಟ್ಟ ಮೀಟರನ್ನೂ ಇಟ್ಟುಕೊಂಡು, ನಡೆದೇ ಕೆಲಸಕ್ಕೆ ಹೋಗುತ್ತಿದ್ದಳು. ಆ ಕೋಟಿನ ಮೊಣಕೈಗಳಿಗೆ ಎರಡು ಸಲ ತೇಪೆ ಬಿದ್ದಿದೆ. ಹೊಸದನ್ನು ಹೊಲಿಸಿಕೊಡುತ್ತೇವೆಂದು ನಾವು ಜಪ್ಪಯ್ಯ ಅಂದರೂ ಒಪ್ಪಿಲ್ಲ. ಹೊಸ ಕೋಟಿನ ಜೇಬುಗಳು ಎಲ್ಲಿವೆ ಎಂದು ಕೈಗೆ ಗೊತ್ತಾಗಲು ಎರಡು ವರ್ಷ ಬೇಕಂತೆ, ಅಷ್ಟು ಹೊತ್ತು ಅವಳ ಬಳಿ ಇಲ್ಲವಂತೆ.

ಮಾತಿನಲ್ಲಿ ಅವಳದೊಂದು ವಿಚಿತ್ರವಾದ ಬಹುವಚನವಿದೆ. "ನಾವು ಬರೋದು ಸ್ವಲ್ಪ ತಡ ಆಗುತ್ತೆ," "ನಮಗೆ ಇವತ್ತು ಶೀತ," "ನಮಗೆ ಆ ರಸ್ತೆ ಆಗಿಬರಲ್ಲ" ಎಂದೆಲ್ಲ ಹೇಳುವಾಗ ಆ 'ನಾವು' ಎಂದರೆ ಅವಳು ಮತ್ತು ಕಾರು. ಶೀತವಾದದ್ದು ಅವಳ ಮೂಗಿಗೋ ಕಾರಿನ ಬ್ಯಾಟರಿಗೋ ಎಂಬುದನ್ನು ನಾವೇ ಸಂದರ್ಭದಿಂದ ಊಹಿಸಿಕೊಳ್ಳಬೇಕು. ಹಾರನ್ ಎಂಬುದು ಅವಳ ಪಾಲಿಗೆ ಬೈಗುಳ. ಹದಿನೇಳು ವರ್ಷಗಳಲ್ಲಿ ಮೂರು ಸಲ ಬಾರಿಸಿದ್ದಾಳೆ. ಒಮ್ಮೆ ಚೆಂಡಿನ ಹಿಂದೆ ಓಡಿಬಂದ ಮಗುವಿಗಾಗಿ, ಒಮ್ಮೆ ಹಿಂದೆ ನೋಡದೆ ಹಿಮ್ಮುಖವಾಗಿ ಬರುತ್ತಿದ್ದ ಲಾರಿಗಾಗಿ. ಮೂರನೆಯದು ಬಟ್ಟೆಯಿಂದ ಒರೆಸುವಾಗ ಕೈತಪ್ಪಿ ಆದದ್ದು. ಎದುರುಮನೆಯ ಮುದುಕರು ಬೆಚ್ಚಿಬಿದ್ದರೆಂದು ಆಗಲೇ ಹೋಗಿ ಕ್ಷಮೆ ಕೇಳಿ ಬಂದಳು, ಇವತ್ತಿಗೂ ಅದನ್ನು ನೆನೆದರೆ ಅವಳ ಮುಖ ಸಣ್ಣದಾಗುತ್ತದೆ.

ಡಾಕ್ಟರಮ್ಮನ ಕೈಗುಣದ ಬಗ್ಗೆ ಊರೆಲ್ಲ ಹೊಗಳುತ್ತಿತ್ತು. ಚಿಕ್ಕಮ್ಮನೂ ಹೊಗಳುತ್ತಿದ್ದಳು, ಆದರೆ ಆ ಕೀರ್ತಿಯಲ್ಲಿ ಹಿಂದಿನ ಸೀಟಿಗೂ ಒಂದು ಪಾಲಿದೆ ಎಂಬುದು ಅವಳ ಗುಪ್ತವಾದ ನಂಬಿಕೆಯಾಗಿತ್ತು. ಮನೆಯಿಂದ ಆಸ್ಪತ್ರೆಗೆ ಇಪ್ಪತ್ತೆರಡು ನಿಮಿಷ. ಆ ಇಪ್ಪತ್ತೆರಡು ನಿಮಿಷ ಡಾಕ್ಟರಮ್ಮ ಕಣ್ಣು ಮುಚ್ಚಿ ಒರಗಿರುತ್ತಿದ್ದರು, ಮತ್ತು ಅವರ ಕೈಯಲ್ಲಿರುವ ಲೋಟದ ಚಹಾ ತುಳುಕದ ಹಾಗೆ ತಿರುವುಗಳನ್ನು ಬಿಡಿಸಿ, ಗುಂಡಿಗಳನ್ನು ಸವರಿ, ಸಿಗ್ನಲ್ಲಿನಲ್ಲಿ ಗಾಡಿ ನಿಂತದ್ದೇ ತಿಳಿಯದಂತೆ ನಿಲ್ಲಿಸಿ, ಅವರನ್ನು ಶಸ್ತ್ರಚಿಕಿತ್ಸೆಯ ಬಾಗಿಲಿಗೆ ನಡುಗದ ಕೈಗಳೊಂದಿಗೆ ಒಪ್ಪಿಸುವುದು ಅವಳ ಕೆಲಸ. ರೋಗಿ ಗುಣಮುಖನಾಗಿ ಮನೆಗೆ ಹೋದ ಸುದ್ದಿ ಬಂದರೆ ಚಿಕ್ಕಮ್ಮ ಕಾರಿನ ಬಾನೆಟ್ಟನ್ನು ಇನ್ನೊಮ್ಮೆ ಒರೆಸುತ್ತಿದ್ದಳು. ಅದು ಇಬ್ಬರ ಬೆನ್ನನ್ನೂ ತಟ್ಟಿದಂತೆ ಎಂದು ನನಗೆ ತಿಳಿಯಲು ಬಹಳ ವರ್ಷಗಳೇ ಬೇಕಾದವು.

ಕಡೆಯ ಆರು ವರ್ಷ ಅವಳು ಓಡಿಸಿದ್ದು ಕಡುನೀಲಿ ಬಣ್ಣದ ಒಂದು ಐಷಾರಾಮಿ ಕಾರನ್ನು. ಹಡಗಿನಷ್ಟು ಉದ್ದ, ಬೆಕ್ಕಿನಷ್ಟು ಸದ್ದು. ಅದರ ಮೈಯಲ್ಲಿ ಏನಾದರೂ ಏರುಪೇರಾದರೆ ಗಣಕಯಂತ್ರ ಹಚ್ಚುವ ತಂತ್ರಜ್ಞರಿಗಿಂತ ಮೊದಲು ಚಿಕ್ಕಮ್ಮನ ಬೆನ್ನಿಗೆ ತಿಳಿಯುತ್ತಿತ್ತು. ಚಳಿ ಇರುವ ಬೆಳಗುಗಳಲ್ಲಿ ಗಾಡಿ ಎರಡನೆಯ ಗೇರಿನಿಂದ ಮೂರನೆಯದಕ್ಕೆ ದಾಟುವಾಗ ಒಂದು ಸಣ್ಣ ಅದುರು ಬರುತ್ತದೆ ಎಂದು ಅವಳು ಎರಡು ಸರ್ವಿಸ್‌ಗಳಲ್ಲಿ ಬಾಯಿಬಿಟ್ಟು ಹೇಳಿ ಬರೆಸಿದ್ದಳು. ಎರಡು ಸಲವೂ "ದೋಷ ಕಂಡುಬಂದಿಲ್ಲ" ಎಂದು ಷರಾ ಬಂದಿತ್ತು. ಅವರಿಗೆ ಕಂಡುಬಂದಿಲ್ಲ, ಸರಿ, ಕಾಣೋವರೆಗೆ ಕಾಯೋಣ ಎಂದು ಅವಳು ಸುಮ್ಮನಾದಳು. ಅಂಥ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟರೆ ಆ ರಿಪೇರಿಯ ಖರ್ಚಿನಲ್ಲಿ ಮಾಮೂಲಿ ಕಾರೊಂದನ್ನೇ ಕೊಳ್ಳಬಹುದು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಡಾಕ್ಟರಮ್ಮ ಮುಂದಾಲೋಚನೆಯಿಂದ ಹೆಚ್ಚಿನ ವರ್ಷಗಳಿಗೆ ವಾರಂಟಿ ಮಾಡಿಸಿದ್ದರಿಂದ, ಅಂಥದ್ದೇನಾದರೂ ಆದರೆ ಕಂಪನಿಯೇ ನೋಡಿಕೊಳ್ಳಬೇಕಿತ್ತು.

ಹೀಗಿರುವಾಗ ಡಾಕ್ಟರಮ್ಮನ ಕಣ್ಣುಗಳು ಮಂಜಾಗತೊಡಗಿದವು. ಒಂದು ದಿನ ಅವರು ತಾವಾಗಿಯೇ ಚಾಕು ಕೆಳಗಿಟ್ಟರು, ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ಆರು ಗಂಟೆಯ ದಾರಿಯ ಸಣ್ಣ ಊರಿನಲ್ಲಿದ್ದ ತಮ್ಮನ ಮನೆಗೆ ಹೋಗಿ ನೆಲೆಸುವುದೆಂದೂ, ಕಣ್ಣಿನ ಚಿಕಿತ್ಸೆಯನ್ನು ಅಲ್ಲಿಯೇ ಮಾಡಿಸಿಕೊಳ್ಳುವುದೆಂದೂ, ಕಾರನ್ನು ಮಾರಿಬಿಡುವುದೆಂದೂ ನಿಶ್ಚಯವಾಯಿತು. ಹಳೆಯ ಕಾರುಗಳ ವ್ಯಾಪಾರಿ ಬಂದು, ಸುತ್ತ ತಿರುಗಿ, ಟೈರಿಗೆ ಕಾಲಿನಿಂದ ಒದ್ದು ನೋಡಿದನಂತೆ. ಆ ಒದೆತ ಚಿಕ್ಕಮ್ಮನಿಗೆ ತನ್ನ ಮೈಗೇ ಬಿದ್ದ ಹಾಗಾಯಿತು. ಅವನು ಹೇಳಿದ ಬೆಲೆಗೇ, ಒಂದು ಪೈಸೆ ಕಡಿಮೆಯಿಲ್ಲದೆ, ಕಾರನ್ನು ತಾನೇ ತೆಗೆದುಕೊಳ್ಳುತ್ತೇನೆ ಎಂದು ಅವಳು ಅಲ್ಲೇ ನಿಂತು ಹೇಳಿದಳು. ಡಾಕ್ಟರಮ್ಮ ಬೆಲೆ ಇಳಿಸುತ್ತೇನೆಂದರು, ಇವಳು ಕೇಳಲಿಲ್ಲ. ಬೇಡ, ಹಾಗೇ ಇಟ್ಟುಕೋ ಎಂದರು, ಇವಳು ಮುನಿಸಿಕೊಂಡೇಬಿಟ್ಟಳು.

ನಮ್ಮ ಮನೆಯಲ್ಲಿ ಎಲ್ಲರೂ ತಲೆ ಚಚ್ಚಿಕೊಂಡರು. ಐವತ್ತೆಂಟು ವಯಸ್ಸು, ಎರಡು ಕೋಣೆ, ಕೂಡಿಟ್ಟದ್ದೆಲ್ಲ ಖಾಲಿ, ಬಾಗಿಲಲ್ಲಿ ಮಂತ್ರಿಗಳ ಮನೆಯ ಮುಂದೆ ನಿಲ್ಲಬೇಕಾದಂಥ ಕಾರು! ಅದು ಹುಚ್ಚಲ್ಲದೆ ಮತ್ತೇನು ಎಂದು ಅಪ್ಪ ಕೇಳಿದ್ದಕ್ಕೆ ಚಿಕ್ಕಮ್ಮ, ಹುಚ್ಚೇ ಭಾವ, ಆದರೆ ಯಾರಿಗೂ ತೊಂದರೆ ಕೊಡದ ಹುಚ್ಚು ಎಂದು ನಕ್ಕಳು. ಅವಳ ಕೈಯಲ್ಲಿ ಉಳಿದದ್ದು ಎಣ್ಣೆಗೆ, ಸರ್ವಿಸಿಗೆ, ಸರಳವಾದ ಊಟಕ್ಕೆ ಸಾಕು, ಗೇರ್‌ಬಾಕ್ಸಿಗೆ ಸಾಲದು. ಗೇರ್‌ಬಾಕ್ಸ್ ಕೂತರೆ ಕಾರನ್ನು ಅದೇ ಟೈರಿಗೆ ಒದೆಯುವವನಿಗೆ ಬಂದ ಬೆಲೆಗೆ ಕೊಡಬೇಕು. ಆದ್ದರಿಂದ ಎರಡು ವರ್ಷ ಬಾಕಿಯಿದ್ದ ಆ ವಾರಂಟಿ ಅವಳ ಹೆಸರಿಗೆ ಆಗಲೇಬೇಕಿತ್ತು. ಅದರ ನಿಯಮ ಸರಳ: ಕಾರು ಕೈಬದಲಾದ ಮೂವತ್ತು ದಿನಗಳೊಳಗೆ ಹಳೆಯ ಮಾಲೀಕರೂ ಹೊಸ ಮಾಲೀಕರೂ ರುಜು ಹಾಕಿದ ಅರ್ಜಿಯನ್ನು ಕೊಟ್ಟು ತಪಾಸಣೆ ಮಾಡಿಸಬೇಕು, ಇಲ್ಲವಾದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ.

ಅರ್ಜಿಯನ್ನು ತುಂಬಿದ್ದು ನಮ್ಮ ಅಡುಗೆಮನೆಯ ಮೇಜಿನ ಮೇಲೆ. ಚಿಕ್ಕಮ್ಮನ ಅಕ್ಷರ ದುಂಡಗೆ, ಒಂದಕ್ಕೊಂದು ತಾಗದಂತೆ, ಸಾಲಾಗಿ ನಿಲ್ಲಿಸಿದ ವಾಹನಗಳ ಹಾಗಿರುತ್ತದೆ. ಅವಳು ಬರೆದು ಮುಗಿಸಿ ನನ್ನ ಮುಂದೆ ಸರಿಸಿದಳು. ಅಚ್ಚಿನ ಮನೆಯಲ್ಲಿ ಕರಡು ತಿದ್ದುವುದು ನನ್ನ ಉದ್ಯೋಗವಾದ್ದರಿಂದ ಕುಟುಂಬದ ಕಾಗದಪತ್ರಗಳೆಲ್ಲ ನನ್ನ ಕಣ್ಣ ಮುಂದೆ ಹಾದೇ ಹೋಗುವುದು ವಾಡಿಕೆ. ನಾನು ಮೊದಲಿಂದ ಕೊನೆಯವರೆಗೆ ಓದಿದೆ, ಒಂದು ಅಂಕಿಯನ್ನು ತಿದ್ದಿದೆ, ಎಲ್ಲ ಸರಿಯಾಗಿದೆ ಎಂದೆ. ಊರು ಬಿಡುವ ಮುನ್ನಾದಿನ ಡಾಕ್ಟರಮ್ಮನೂ ಅದನ್ನು ಓದಿ ರುಜು ಹಾಕಿದರು. ಚಿಕ್ಕಮ್ಮ ಕಾಗದವನ್ನು ಶೋರೂಮಿನ ಪೆಟ್ಟಿಗೆಯಲ್ಲಿ ಹಾಕಿಬಂದಳು.

ಇಪ್ಪತ್ತೇಳನೆಯ ದಿನ ಉತ್ತರ ಬಂತು. ಹಳೆಯ ಮಾಲೀಕರೂ ಹೊಸ ಮಾಲೀಕರೂ ಒಬ್ಬರೇ ಆಗಿರುವುದರಿಂದ ವರ್ಗಾವಣೆಯ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂದು ಅದರಲ್ಲಿ ಬರೆದಿತ್ತು, ಜೊತೆಗೆ ಅರ್ಜಿಯನ್ನೂ ಹಿಂದಿರುಗಿಸಿದ್ದರು. ನಾನು ಅದನ್ನು ಮತ್ತೆ ಓದಿದೆ. ಹಿಂದಿನ ಮಾಲೀಕರು ಎಂಬಲ್ಲಿ ಡಾಕ್ಟರಮ್ಮನ ಹೆಸರು. ಹೊಸ ಮಾಲೀಕರು ಎಂಬಲ್ಲಿಯೂ ಅದೇ ದುಂಡಗಿನ ಅಕ್ಷರದಲ್ಲಿ ಡಾಕ್ಟರಮ್ಮನ ಹೆಸರು. ಯಾರೂ ಕೇಳದಿದ್ದ ಜಾಗದಲ್ಲಿ, ಕಾಗದದ ಬುಡದಲ್ಲಿ, 'ಚಾಲಕಿ' ಎಂದು ಬರೆದು ಚಿಕ್ಕಮ್ಮ ತನ್ನ ಹೆಸರು ಹಾಕಿದ್ದಳು. ಹದಿನೇಳು ವರ್ಷ ಸರ್ವಿಸ್ ಚೀಟಿಗಳನ್ನು ತುಂಬಿದ ಕೈ, ಮಾಲೀಕರು ಎಂಬ ಪದ ಕಂಡಲ್ಲೆಲ್ಲ ತಾನಾಗಿ ಬರೆದುಕೊಂಡು ಹೋಗಿತ್ತು. ಕೈಯ ತಪ್ಪನ್ನು ಕ್ಷಮಿಸಬಹುದು. ಕರಡು ತಿದ್ದುವ ನನ್ನ ಕಣ್ಣಿಗೇನಾಗಿತ್ತು? ಅಲ್ಪವಿರಾಮವೊಂದು ಜಾಗ ತಪ್ಪಿದರೆ ಹಿಡಿಯುವ ಈ ಕಣ್ಣು, ಚಿಕ್ಕಮ್ಮ ಮಾಲೀಕಳಲ್ಲ ಎಂಬುದನ್ನು ಮಾತ್ರ ಸಲೀಸಾಗಿ ಓದಿಕೊಂಡು ಹೋಗಿತ್ತು. ನನಗೆ ನಾಚಿಕೆಯಾಯಿತು, ಅದನ್ನು ಅವಳ ಮುಂದೆ ಹೇಳಿಯೂ ಹೇಳಿದೆ. ಅವಳು ನನ್ನನ್ನು ಸಮಾಧಾನ ಮಾಡಲು ಹೊರಟಳು, ಅದು ಇನ್ನೂ ಹಿಂಸೆಯಾಯಿತು.

ಅಂದೇ ಶೋರೂಮಿಗೆ ಹೋದೆವು. ವಾರಂಟಿ ವಿಭಾಗದ ಮ್ಯಾನೇಜರು ಕೆಟ್ಟವನಲ್ಲ. ಟೈಯನ್ನು ಆಗಾಗ ಸಡಿಲಿಸುತ್ತ ಬಿಗಿಸುತ್ತ ಇರುವ, ಎಲ್ಲರಿಗೂ ಸುಲಭದ ದಾರಿ ತೋರಿಸಬೇಕೆಂಬ ಹಂಬಲದ ಮನುಷ್ಯ. ಉಳಿದಿರುವುದು ಮೂರು ದಿನ, ರದ್ದು ಮಾಡಿಸಿಬಿಡಿ, ಉಳಿದ ಅವಧಿಯ ಹಣ ಹಳೆಯ ಮಾಲೀಕರಿಗೆ ವಾಪಸಾಗುತ್ತದೆ, ಎಲ್ಲರಿಗೂ ತಲೆನೋವು ತಪ್ಪುತ್ತದೆ ಎಂದ. ಚಿಕ್ಕಮ್ಮ ಅಲುಗಾಡದೆ ನಿಂತಳು. ಆಗ ಅವನು ದನಿ ತಗ್ಗಿಸಿ, ಹೊಸ ಅರ್ಜಿಯೊಂದನ್ನು ಮುಂದಿಟ್ಟು, ಡಾಕ್ಟರಮ್ಮನ ಕಡತವನ್ನು ತೆರೆದು ತೋರಿಸಿದ. ಆರು ವರ್ಷಗಳ ಎಲ್ಲ ಚೀಟಿಗಳಲ್ಲೂ ಅವರ ಪರವಾಗಿ ಚಿಕ್ಕಮ್ಮನದೇ ರುಜು. ಇನ್ನೊಂದು ಸಲ, ಸ್ವಲ್ಪ ಅವರ ಹಾಗೆಯೇ ಹಾಕಿಬಿಟ್ಟರೆ ಯಾರು ಭೂತಗನ್ನಡಿ ಹಿಡಿದು ನೋಡುತ್ತಾರೆ ಎಂಬುದು ಅವನ ಇಂಗಿತ.

"ಅವರ ಪರವಾಗಿ ಸೈನ್ ಹಾಕಿದ್ದೀನಿ ಸಾರ್. ಅವರ ಸೈನ್ ಹಾಕಿಲ್ಲ," ಎಂದಳು ಚಿಕ್ಕಮ್ಮ.

ಖಾಲಿ ಅರ್ಜಿಯನ್ನು ಮಡಿಸದೆ, ಸರ್ವಿಸ್ ಪುಸ್ತಕದ ನಡುವೆ ಇಟ್ಟುಕೊಂಡು ಹೊರಗೆ ಬಂದಳು.

ಇಪ್ಪತ್ತೊಂಬತ್ತನೆಯ ದಿನ ಬೆಳಗಿನ ಜಾವವೇ ನಾವು ಹೊರಟೆವು. ಮಧ್ಯದ ಒಂದು ದಿನ ಎಲ್ಲಿ ಹೋಯಿತು ಎಂದರೆ, ಅಷ್ಟು ದೂರದ ಪ್ರಯಾಣಕ್ಕೆ ಮೊದಲು ಗಾಡಿಯನ್ನು ತಾನೇ ಅಡಿಯಿಂದ ಮುಡಿವರೆಗೆ ನೋಡದೆ ಅವಳು ಹೊರಡುವುದು ಸಾಧ್ಯವೇ ಇರಲಿಲ್ಲ. ನಾನು ಗಡಿಯಾರ ನೋಡಿ ಚಡಪಡಿಸುತ್ತಿದ್ದರೆ ಅವಳು ನಾಲ್ಕು ಟೈರುಗಳ ಗಾಳಿಯನ್ನು ಎರಡೆರಡು ಸಲ ಅಳೆದಳು. ದಾರಿಯುದ್ದಕ್ಕೂ ಅವಳು ಎಂದಿನಂತೆಯೇ ಇದ್ದಳು, ಆದರೆ ಒಂದು ವ್ಯತ್ಯಾಸವನ್ನು ನಾನು ಗಮನಿಸಿದೆ. ನಡುನಡುವೆ, ನೇರವಾದ ರಸ್ತೆ ಸಿಕ್ಕಾಗ, ಹಿಂದಿನ ಸೀಟನ್ನು ತೋರಿಸುವ ಕನ್ನಡಿಯತ್ತ ಕಣ್ಣು ಹಾಯಿಸಿ, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು, ಮತ್ತೆ ರಸ್ತೆಗೆ ಮರಳುತ್ತಿದ್ದಳು. ಬೇಜಾರೇ ಎಂದು ಕೇಳಿದೆ. ಬೇಜಾರೇ, ಇಲ್ಲ ಅಂದರೆ ಸುಳ್ಳಾಗುತ್ತೆ ಎಂದಳು.

ಡಾಕ್ಟರಮ್ಮ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ತಮ್ಮನ ಮನೆಯ ಜಗುಲಿಯಲ್ಲಿ ಕುಳಿತಿದ್ದರು. ಒಂದು ಕಣ್ಣಿನ ಚಿಕಿತ್ಸೆ ಆಗಿತ್ತು, ಇನ್ನೊಂದರದು ಬಾಕಿಯಿತ್ತು. ನಡೆದದ್ದನ್ನು ನಾನು ವಿವರಿಸಿ ಹಳೆಯ ಅರ್ಜಿಯನ್ನು ಅವರ ಕೈಗಿಟ್ಟೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ಓದಿ, ಕೆಮ್ಮು ಬರುವವರೆಗೆ ನಕ್ಕರು. ಚಿಕ್ಕಮ್ಮನೂ ನಕ್ಕಳು. ಆಮೇಲೆ ಡಾಕ್ಟರಮ್ಮ ಕಾಗದವನ್ನು ಮಡಿಲಲ್ಲಿಟ್ಟುಕೊಂಡರು.

"ಇದನ್ನ ನಾನೂ ಓದಿದ್ದೆ ಕಣೇ," ಎಂದರು. "ನನಗೂ ಸರಿ ಅಂತಲೇ ಅನಿಸ್ತು. ಕಣ್ಣಿನ ಮೇಲೆ ಹಾಕ್ಬೇಡ. ಅವತ್ತು ಓದೋ ಮಟ್ಟಿಗೆ ನನಗೆ ಚೆನ್ನಾಗೇ ಕಾಣ್ತಿತ್ತು."

ಹೊಸ ಅರ್ಜಿಯಲ್ಲಿ ತಮ್ಮ ಪಾಲಿನದನ್ನು ಬರೆದು ರುಜು ಹಾಕಿದ ಡಾಕ್ಟರಮ್ಮ, ಹೊಸ ಮಾಲೀಕರ ಜಾಗದ ಮೇಲೆ ಬೆರಳಿಟ್ಟು, ಇಲ್ಲಿ ನೀನು ಬರಿ, ನನ್ನ ಮುಂದೆಯೇ ಬರಿ ಎಂದರು. ಚಿಕ್ಕಮ್ಮ ಪೆನ್ನು ಹಿಡಿದಳು. ಎಷ್ಟೆಷ್ಟು ಇಕ್ಕಟ್ಟಿನ ಸಂದಿಯಲ್ಲಿ ಹಡಗಿನಂಥ ಕಾರನ್ನು ನುಸುಳಿಸಿದ ಆ ಕೈ ಅವತ್ತು ಬೆರಳುದ್ದದ ಗೆರೆಯ ಮೇಲೆ ತಡವರಿಸಿತು. ಬರೆದಳು, ಆದರೆ ಎಂದಿನ ಗಾತ್ರದ ಅರ್ಧಕ್ಕೆ, ಗೆರೆಯ ಒಂದು ಮೂಲೆಯಲ್ಲಿ, ಬೇರೆ ಯಾರಾದರೂ ಬಂದರೆ ಜಾಗ ಬಿಟ್ಟುಕೊಡುವವಳ ಹಾಗೆ. ಡಾಕ್ಟರಮ್ಮ ಮತ್ತೆ ಕಾಗದವನ್ನು ಮೂಗಿಗೆ ಹಿಡಿದರು, ನನಗೆ ಕಾಣ್ತಿಲ್ಲ, ಇದಂತೂ ಕಣ್ಣಿನ ತಪ್ಪಲ್ಲ ಎಂದು ಗೊಣಗಿದರು. ಆದರೂ ಆ ಅಕ್ಷರಗಳು ಹಾಗೆಯೇ ಉಳಿದವು; ತಿದ್ದಿದ ಅರ್ಜಿಯನ್ನು ಕಂಪನಿ ತೆಗೆದುಕೊಳ್ಳುವುದಿಲ್ಲವೆಂದು ನಾನೇ ತಡೆದೆ. ಸಂಜೆ ಡಾಕ್ಟರಮ್ಮನಿಗೆ ಒಂದು ಸುತ್ತು ಹೋಗಿಬರಬೇಕೆನಿಸಿತು. ಚಿಕ್ಕಮ್ಮ ಓಡಿಹೋಗಿ ಹಿಂದಿನ ಬಾಗಿಲು ತೆರೆದರೆ, ಅವರು ತಡವಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕುಳಿತರು. ಅವಳು ಆ ಸೀಟನ್ನು ಒರೆಸಿಲ್ಲವೆಂದು ಬಹಳ ಪೇಚಾಡಿದಳು.

ಮೂವತ್ತನೆಯ ದಿನ ಮಧ್ಯಾಹ್ನ ಒಂದೂವರೆಗೆ ನಾವು ಶೋರೂಮಿನ ರಸ್ತೆಗೆ ಬಂದೆವು. ಬಂದವಳು ನೇರವಾಗಿ ಒಳಗೆ ಹೋಗಲಿಲ್ಲ. ಮರದ ನೆರಳಿನಲ್ಲಿ ನಿಲ್ಲಿಸಿ, ಆರು ಗಂಟೆಯ ದಾರಿಯ ಧೂಳನ್ನೆಲ್ಲ ಒರೆಸಿ, ಚಕ್ರದ ಸಂದುಗಳನ್ನೂ ಬಿಡದೆ ತಿಕ್ಕಿ, ಆಮೇಲೆ ಗೇಟು ದಾಟಿದಳು. ನಾನು ಉಗುರು ಕಚ್ಚಿಕೊಳ್ಳುತ್ತ ಕುಳಿತಿದ್ದೆ. ಅರ್ಜಿ ಕೊಟ್ಟದ್ದಾಯಿತು. ಸರದಿ ಬಂದಾಗ ಕರೆಯುತ್ತೇವೆ, ಮಾಲೀಕರ ಸಮ್ಮುಖದಲ್ಲಿ ತಪಾಸಣೆ ನಡೆಯಬೇಕು, ಐದು ಗಂಟೆಗೆ ಗಣಕಯಂತ್ರ ತಾನಾಗಿ ಆ ದಿನದ ದಾಖಲೆಯನ್ನು ಮುಚ್ಚುತ್ತದೆ, ಆಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಮ್ಯಾನೇಜರು ಟೈ ಬಿಗಿಸಿಕೊಂಡ.

ಆ ಶೋರೂಮಿನಲ್ಲಿ ಕಾಯುವುದಕ್ಕೆ ಎರಡು ಜಾಗಗಳಿವೆ. ಗಾಜಿನ ಗೋಡೆಯ ಒಳಗೆ, ತಂಪಿನಲ್ಲಿ, ಮೆತ್ತನೆಯ ಸೋಫಾಗಳು, ಕಾಫಿ ಯಂತ್ರ, ಹೊಳೆಯುವ ಪತ್ರಿಕೆಗಳು, ಅದು ಮಾಲೀಕರಿಗೆ. ಹೊರಗೆ, ತಗಡಿನ ಮಾಡಿನ ಕೆಳಗೆ, ಗೋಡೆಗೆ ಒರಗಿಸಿದ ಒಂದು ಉದ್ದನೆಯ ಮರದ ಬೆಂಚು, ಅದು ಚಾಲಕರಿಗೆ. ಬೆಂಚಿನವರು ಒಬ್ಬರನ್ನೊಬ್ಬರು ಸ್ವಂತ ಹೆಸರಿನಿಂದ ಕರೆಯುವುದಿಲ್ಲ. ಅನೇಕರಿಗೆ ಅದು ಗೊತ್ತೂ ಇಲ್ಲ. ಯಾರ ಕಾರು ಓಡಿಸುತ್ತಾರೋ ಅವರ ಹೆಸರೇ ಇವರಿಗೆ. ಬ್ಯಾಂಕಿನ ಅಧ್ಯಕ್ಷರ ಚಾಲಕ 'ಬ್ಯಾಂಕು', ವಕೀಲರ ಚಾಲಕ 'ವಕೀಲ್ರು', ಹೋಟೆಲಿನ ಗಾಡಿಯ ನರೆತ ಮೀಸೆಯ ಹಿರಿಯ 'ಹೋಟೆಲು'. ನಮ್ಮ ಚಿಕ್ಕಮ್ಮ ಹದಿನೇಳು ವರ್ಷದಿಂದ ಅಲ್ಲಿ 'ಡಾಕ್ಟ್ರು'. ಅವಳು ಬಂದು, ಅರ್ಧ ಸುತ್ತು ತಿರುಗಿ, ಹಿಮ್ಮುಖವಾಗಿ ಬ್ಯಾಂಕಿಗೂ ಹೋಟೆಲಿಗೂ ನಡುವೆ ನಿಂತು ಕುಳಿತಳು. ನಾನು ಸರ್ವಿಸ್ ಪುಸ್ತಕದ ನಕಲು ಮಾಡಿಸಲು ಹೊರಟೆ.

ನಕಲಿನಂಗಡಿಯಲ್ಲಿ ಸಾಲಿತ್ತು. ನಾನು ಮರಳಿ ಬಂದಾಗ ನಾಲ್ಕು ಗಂಟೆ ದಾಟಿತ್ತು, ಧ್ವನಿವರ್ಧಕದಲ್ಲಿ ಚಿಕ್ಕಮ್ಮನ ಕಾರಿನ ನಂಬರು ಹೇಳಿ, ಮಾಲೀಕರು ತಪಾಸಣೆಗೆ ಬರಬೇಕು, ಇದು ಮೂರನೆಯ ಕರೆ ಎನ್ನುತ್ತಿದ್ದರು. ಗಾಜಿನ ಒಳಗೆ ಗುಮಾಸ್ತೆಯೊಬ್ಬಳು ಸೋಫಾದಿಂದ ಸೋಫಾಕ್ಕೆ ಹೋಗಿ ಕೇಳುತ್ತಿದ್ದಳು. ಅಲ್ಲಿದ್ದವರು ಒಬ್ಬೊಬ್ಬರಾಗಿ ತಲೆಯಾಡಿಸುತ್ತಿದ್ದರು. ಮ್ಯಾನೇಜರು ಕಡತವನ್ನು ಮುಚ್ಚಿ ಪಕ್ಕಕ್ಕಿಡುವ ಸನ್ನಾಹದಲ್ಲಿದ್ದ. ಹೊರಗೆ ಬೆಂಚಿನ ಮೇಲೆ ಚಿಕ್ಕಮ್ಮ ಕುತ್ತಿಗೆ ಉದ್ದ ಮಾಡಿಕೊಂಡು ಆ ಸೋಫಾಗಳನ್ನೇ ನೋಡುತ್ತಿದ್ದಳು.

"ಡಾಕ್ಟ್ರೇ, ನಿಮ್ಮ ಗಾಡಿ ಅಲ್ವಾ ಅದು?" ಎಂದು ಬ್ಯಾಂಕು ಕೇಳಿದ.

"ಹೌದು. ಮಾಲೀಕರು ಯಾಕೋ ಇನ್ನೂ ಎದ್ದಿಲ್ಲ," ಎಂದಳು ಚಿಕ್ಕಮ್ಮ, ಮತ್ತು ಆ ಮಾತು ತನ್ನ ಕಿವಿಗೆ ಬಿದ್ದ ಕೂಡಲೇ ಬೆಪ್ಪಾಗಿ ಬಾಯಿ ಮುಚ್ಚಿಕೊಂಡಳು.

ಬೆಂಚಿನ ಮೇಲೆ ಯಾರೂ ನಗಲಿಲ್ಲ. ಕಾರು ಅವಳದಾದ ಸುದ್ದಿ ಬೆಂಚಿಗೆ ಆಗಲೇ ಮುಟ್ಟಿತ್ತು. ಅವರಿಗೆ ಅರ್ಥವಾಗಿತ್ತು, ಅವರಲ್ಲಿ ಯಾರಾದರೂ ಅವಳ ಜಾಗದಲ್ಲಿದ್ದರೂ ಹಾಗೆಯೇ ಕುತ್ತಿಗೆ ಚಾಚಿ ಮಾಲೀಕರನ್ನು ಹುಡುಕುತ್ತಿದ್ದರು. ಹೋಟೆಲು ಮಾತ್ರ ಮೆಲ್ಲಗೆ, ಹೊರಡಮ್ಮ, ಹೊತ್ತಾಗ್ತಿದೆ ಎಂದ. ಅವಳು ಎದ್ದಳು. ಗಾಜಿನ ಬಾಗಿಲವರೆಗೆ ಅವಳ ನಡಿಗೆ ನನಗೆ ಪರಿಚಿತವಾದದ್ದೇ, ಅಳೆದು ತೂಗಿ ಇಡುವ ಹೆಜ್ಜೆಗಳು. ಬಾಗಿಲು ದಾಟಿದ ಮೇಲೆ ಏನಾಯಿತೋ, ಬೆನ್ನು ನೆಟ್ಟಗಾಯಿತು. ಮ್ಯಾನೇಜರನ ಮೇಜಿನ ಮುಂದೆ ನಿಂತು, ಸಾಕಷ್ಟು ದೊಡ್ಡ ದನಿಯಲ್ಲಿ, ಕಾರು ನನ್ನದು, ತಪಾಸಣೆ ಮಾಡಿ ಎಂದಳು. ಸೋಫಾಗಳ ಮೇಲಿದ್ದವರು ಪತ್ರಿಕೆಗಳಿಂದ ತಲೆಯೆತ್ತಿ ಆ ತೇಪೆಯ ಕೋಟನ್ನು ನೋಡಿದರು.

ತಪಾಸಕ ಅರ್ಧ ಗಂಟೆ ಗಾಡಿಯ ಸುತ್ತ, ಅಡಿ, ಒಳಗೆ ಹುಡುಕಿದ. ಹಾಕಬೇಕಾದ ಕಡೆಯೆಲ್ಲ ಸರಿ ಗುರುತು ಹಾಕಿದ. ಆರು ವರ್ಷದ ಗಾಡಿ ಹೀಗಿರುವುದನ್ನು ತಾನು ನೋಡಿಲ್ಲವೆಂದು ಸಹೋದ್ಯೋಗಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ನನ್ನ ಎದೆ ಉಬ್ಬಿತು. ಚಿಕ್ಕಮ್ಮ ತಾನಾಗಿ ಆ ಅದುರಿನ ವಿಷಯ ತೆಗೆದಳು. ನಾನು ಕಣ್ಸನ್ನೆ ಮಾಡಿದೆ, ಅವಳು ನನ್ನತ್ತ ನೋಡಲೂ ಇಲ್ಲ. ತಪಾಸಕ ಹಳೆಯ ಚೀಟಿಗಳಲ್ಲಿ ಅದು ಎರಡು ಸಲ ದಾಖಲಾಗಿರುವುದನ್ನು ಕಂಡು, ಹಾಗಿದ್ದರೆ ಇದು ಮುಚ್ಚಿಟ್ಟ ದೋಷವಲ್ಲ, ವಾರಂಟಿಗೆ ಅಡ್ಡಿಯಿಲ್ಲ ಎಂದು ಬರೆದುಕೊಂಡ. ಮುಚ್ಚಿಟ್ಟಿದ್ದರೆ ಮುಂದೆ ಅದೇ ನೆಪವಾಗುತ್ತಿತ್ತು ಎಂದು ನನಗೆ ಹೊಳೆದದ್ದು ಆಗ.

ಇನ್ನುಳಿದದ್ದು ಕೊನೆಯ ರುಜು. ಮ್ಯಾನೇಜರು ಕಾಗದಗಳು ಸಿದ್ಧವಾಗಲು ಹತ್ತು ನಿಮಿಷ ಬೇಕೆಂದು ಸೋಫಾ ತೋರಿಸಿದ. ಚಿಕ್ಕಮ್ಮ ಹೊರಗೆ ನಡೆದಳು. ಅವನು ಹಿಂದೆಯೇ ಬಂದು, ಸದುದ್ದೇಶದಿಂದಲೇ, ಅದು ಡ್ರೈವರುಗಳು ಕೂರುವ ಜಾಗ ಮೇಡಂ, ಮಾಲೀಕರು ಒಳಗೆ ಕೂರಬೇಕು ಎಂದ.

ಅವಳು ತಿರುಗಿ ನಿಂತ ರೀತಿಯನ್ನು ನಾನು ಮರೆಯಲಾರೆ. ಕೋಪವಿರಲಿಲ್ಲ. "ನಾನು ಡ್ರೈವರೇ ಸಾರ್. ಇವತ್ತು ಮಾಲೀಕಳೂ ಆಗಿದ್ದೀನಿ, ಅಷ್ಟೇ. ಕಾಗದ ಬೆಂಚಿಗೆ ತನ್ನಿ."

ಐದಕ್ಕೆ ಹತ್ತು ನಿಮಿಷವಿರುವಾಗ ಆ ಗಾಜಿನ ಬಾಗಿಲು ತೆರೆಯಿತು, ಮತ್ತು ಬೆಂಚಿನ ಇತಿಹಾಸದಲ್ಲಿ ಮೊದಲ ಬಾರಿಗೆ ಮ್ಯಾನೇಜರೊಬ್ಬ ಕಡತ ಹಿಡಿದುಕೊಂಡು ತಗಡಿನ ಮಾಡಿನ ಕೆಳಗೆ ಬಂದ. ಬ್ಯಾಂಕೂ ವಕೀಲ್ರೂ ಒತ್ತರಿಸಿ ಕುಳಿತು ಅವನಿಗೆ ಜಾಗ ಮಾಡಿಕೊಟ್ಟರು. ಚಿಕ್ಕಮ್ಮ ಕಾಗದವನ್ನು ಮಡಿಲಲ್ಲಿಟ್ಟುಕೊಂಡು, ಬೆರಳಿಟ್ಟು, ಒಂದು ಸಾಲನ್ನೂ ಬಿಡದೆ ಓದಿದಳು. ಟೈ ಬಿಗಿಯಾಗುತ್ತಿದ್ದುದನ್ನು ಲೆಕ್ಕಿಸಲಿಲ್ಲ. ಆಮೇಲೆ ಗೆರೆಯ ಈ ತುದಿಯಿಂದ ಆ ತುದಿಯವರೆಗೆ, ದುಂಡಗೆ, ಯಾರಿಗೂ ಎಡೆಯುಳಿಯದಂತೆ ರುಜು ಹಾಕಿದಳು. ಮ್ಯಾನೇಜರು ಓಡಿದ, ಗಾಜಿನ ಆಚೆ ಅವನು ಕೀಲಿಮಣೆ ಕುಟ್ಟಿ, ನಮ್ಮತ್ತ ತಿರುಗಿ, ಹೆಬ್ಬೆರಳು ಎತ್ತಿದ.

ಹೋಟೆಲು ಮೀಸೆ ತೀಡಿಕೊಂಡ. ಬಹಳ ಗಂಭೀರವಾದ ಸಮಸ್ಯೆಯೊಂದು ಅವನಿಗೆ ಎದುರಾದಂತಿತ್ತು. "ಹಾಗಾದ್ರೆ ಇನ್ಮೇಲೆ ನಾವು ನಿಮ್ಮನ್ನ ಏನಂತ ಕರೆಯೋದು?"

ಚಿಕ್ಕಮ್ಮ ಒಂದು ಕ್ಷಣ ಯೋಚಿಸಿ ತನ್ನ ಹೆಸರು ಹೇಳಿದಳು. ಬೆಂಚಿನವರು ಒಬ್ಬೊಬ್ಬರಾಗಿ ಅದನ್ನು ಹೇಳಿ ನೋಡಿದರು.

ಆ ವರ್ಷದ ಚಳಿಗಾಲದಲ್ಲೇ ಗೇರ್‌ಬಾಕ್ಸ್ ಕೂತಿತು, ಕಂಪನಿ ಹೊಸದನ್ನು ಹಾಕಿಕೊಟ್ಟಿತು. ನಾನು ಹೇಳಿರಲಿಲ್ಲವೇ ಎಂದು ಚಿಕ್ಕಮ್ಮ ಯಾರಿಗೂ ಹೇಳಲಿಲ್ಲ. ಅವಳ ಪರವಾಗಿ ನಾನೇ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅವಳಂಥವರು ಎಲ್ಲ ಊರುಗಳಲ್ಲೂ ಇದ್ದಾರೆ. ಬೇರೆಯವರ ಮನೆಯ ಯಾವ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತದೆ ಎಂದು ಬಲ್ಲವರು, ಬೇರೆಯವರ ತೋಟದ ಯಾವ ಗಿಡ ಬಾಡುತ್ತಿದೆ ಎಂದು ಮೊದಲು ಕಾಣುವವರು, ಬೇರೆಯವರ ಯಂತ್ರದ ಕೆಮ್ಮನ್ನು ತಮ್ಮ ಎದೆಯಲ್ಲಿ ಕೇಳುವವರು. ವಸ್ತುಗಳು ಅವರನ್ನು ಎಂದೋ ತಮ್ಮವರೆಂದು ಒಪ್ಪಿಕೊಂಡಿರುತ್ತವೆ. ಒಪ್ಪಿಕೊಳ್ಳಲು ತಡಮಾಡುವವರು ನಾವು, ಅವರನ್ನು ಬಲ್ಲವರು, ಪ್ರೀತಿಸುವವರು, ಅವರು ತುಂಬಿದ ಅರ್ಜಿಯನ್ನು ಓದಿ ಎಲ್ಲ ಸರಿಯಾಗಿದೆ ಎನ್ನುವವರು. ಅಂಥವರು ಕಡೆಗೊಂದು ದಿನ ತಮ್ಮ ಹೆಸರನ್ನು ಅದರ ಜಾಗದಲ್ಲಿ ಬರೆದಾಗ ಅವರೇನೂ ದೊಡ್ಡವರಾಗುವುದಿಲ್ಲ, ಆ ಮೊದಲೂ ಅಷ್ಟೇ ದೊಡ್ಡವರಾಗಿದ್ದರು. ತಿದ್ದಿಕೊಳ್ಳಬೇಕಾದ ಕರಡು ನಮ್ಮದು.